ಕಣ್ಣು ಹಳದಿಯಾಗಲೆಂದು ಕಾಯಬೇಡಿ



ನಿಮ್ಮಲ್ಲಿ ಎರಡು ಮಾತು ಕೇಳಿಕೊಳ್ಳುವುದಿದೆ. ಮೊದಲನೆಯದು: ಮನೆಯಲ್ಲಿ ಯಾರಿಗಾದರೂ ಕಾಮಾಲೆ ಕಾಣಿಸಿಕೊಂಡರೆ, ಔಷಧಿ ಎಲ್ಲಿ ಕೊಡುತ್ತಾರೆ ಎಂದು ವಿಚಾರಿಸುವ ಮುಂಚೆ ಇದು ಯಾವ ಕಾಮಾಲೆ ಎಂದು ರಕ್ತಪರೀಕ್ಷೆ ಮಾಡಿಸಿ ತಿಳಿದುಕೊಳ್ಳಿ. ಎರಡನೆಯದು: ಕಾಮಾಲೆಯ ಸುಳಿವೇ ಇಲ್ಲದಿದ್ದರೂ ಜೀವಮಾನದಲ್ಲಿ ಒಂದು ಸಲವಾದರೂ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿಕೊಳ್ಳಿ.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿಯ ಅಂದಾಜಿನ ಪ್ರಕಾರ, 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ, 55 ಲಕ್ಷ ಜನರಿಗೆ ಹೆಪಟೈಟಿಸ್ ಸಿ ಇತ್ತು. ಎರಡೂ ಸೇರಿದರೆ ಮೂರೂವರೆ ಕೋಟಿ. 2011ರ ಜನಗಣತಿಯ ಲೆಕ್ಕ ಹಿಡಿದರೆ ಇದು ಕರ್ನಾಟಕದ ಅರ್ಧಕ್ಕಿಂತ ಹೆಚ್ಚು ಜನ. ಇವರಲ್ಲಿ ಹೆಚ್ಚಿನವರ ಕಣ್ಣು ಹಳದಿಯಾಗಿಲ್ಲ, ಹೊಟ್ಟೆ ನೋವು ಬಂದಿಲ್ಲ, ದಿನದ ಕೆಲಸ ತಪ್ಪಿಲ್ಲ. ತಮಗೆ ಕಾಯಿಲೆಯಿದೆ ಎಂಬುದೇ ಅವರಿಗೆ ಗೊತ್ತಿಲ್ಲ. ಈ ಮನವಿ ಬರೆಯಬೇಕಾಗಿ ಬಂದದ್ದು ಅದಕ್ಕೇ.

ಹಳದಿಗೂ ಮೊದಲಿನ ಗುರುತುಗಳು

ಲಿವರ್‌ಗೆ ಉರಿಯೂತ ಬಂದರೆ ಅದನ್ನು ಹೆಪಟೈಟಿಸ್ ಎನ್ನುತ್ತಾರೆ. ಕಾಮಾಲೆ ಅದರ ಒಂದು ಲಕ್ಷಣ ಮಾತ್ರ, ಅದೂ ತಡವಾಗಿ ಬರುವ ಲಕ್ಷಣ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಸಾಮಾನ್ಯವಾಗಿ ಡೆಸಿಲೀಟರ್‌ಗೆ ಒಂದು ಮಿಲಿಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಅದು ಎರಡೂವರೆ, ಮೂರು ದಾಟುವವರೆಗೆ ಕಣ್ಣಿನ ಬಿಳಿಭಾಗದಲ್ಲಿ ಬಣ್ಣ ಎದ್ದು ಕಾಣುವುದಿಲ್ಲ. ರಾತ್ರಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿದರಂತೂ ಐದಿದ್ದರೂ ತಪ್ಪಿಹೋಗಬಹುದು. ನೋಡುವುದಾದರೆ ಬೆಳಗಿನ ಬಯಲು ಬೆಳಕಿನಲ್ಲಿ ನೋಡಿ. ಕೆಳಗೆ ನೋಡಲು ಹೇಳಿ, ಮೇಲಿನ ರೆಪ್ಪೆಯನ್ನು ಎತ್ತಿ ನೋಡಿ.

ಕಣ್ಣಿಗಿಂತ ಮೊದಲು ಬಣ್ಣ ಬದಲಾಗುವುದು ಮೂತ್ರದಲ್ಲಿ. ಸಾಕಷ್ಟು ನೀರು ಕುಡಿದಿದ್ದರೂ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಲಿವರ್‌ನ ಮೇಲೆ ಅನುಮಾನ ಪಡಬೇಕು. ಅದಕ್ಕೂ ಮುಂಚಿನ ದಿನಗಳಲ್ಲಿ ಸಣ್ಣ ಜ್ವರ, ಮೈಕೈ ನೋವು, ಎಷ್ಟು ಮಲಗಿದರೂ ಹೋಗದ ಸುಸ್ತು ಇರುತ್ತವೆ. ಊಟ ಸೇರುವುದಿಲ್ಲ. ಒಗ್ಗರಣೆಯ ವಾಸನೆ ಬಂದರೆ ಓಕರಿಕೆ ಬರುತ್ತದೆ. ಸಿಗರೇಟು ಸೇದುವವರಿಗೆ ಸಿಗರೇಟೇ ಬೇಡವೆನಿಸುತ್ತದೆ. ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ, ಮಂದ ನೋವು. ಇಷ್ಟಾದ ಮೇಲೆ ಕಣ್ಣು, ಆಮೇಲೆ ಮೈ ಹಳದಿಯಾಗುತ್ತವೆ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ವೈರಸ್ಸಿನ ಹೆಪಟೈಟಿಸ್‌ನಲ್ಲಿ ಕಾಮಾಲೆ ಕಾಣಿಸಿಕೊಳ್ಳುವ ಹೊತ್ತಿಗೆ ಸಾಮಾನ್ಯವಾಗಿ ಜ್ವರ ಬಿಟ್ಟಿರುತ್ತದೆ. ಕಣ್ಣು ಹಳದಿಯಾದ ಮೇಲೂ ಜ್ವರ ಏರುತ್ತಲೇ ಇದ್ದರೆ ಬೇರೆ ಕಾರಣಗಳನ್ನು ಹುಡುಕಬೇಕು: ಮಲೇರಿಯಾ, ಡೆಂಗಿ, ಪಿತ್ತನಾಳದ ಸೋಂಕು, ಇಲಿಜ್ವರ. ನಮ್ಮ ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದಲ್ಲಿ ಗದ್ದೆ, ತೋಟದ ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ವಿಪರೀತ ನೋವು, ಕೆಂಪಡರಿದ ಕಣ್ಣು, ಅದರ ಜೊತೆಗೆ ಕಾಮಾಲೆ ಬಂದರೆ ಅದು ಇಲಿಜ್ವರ ಇರಬಹುದು. ಅದಕ್ಕೆ ಆ್ಯಂಟಿಬಯಾಟಿಕ್ ಇದೆ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಜೀವ ಉಳಿಯುತ್ತದೆ. ಅಂಥವರನ್ನು ಕಾಮಾಲೆಯ ಪಥ್ಯದಲ್ಲಿ ಕೂರಿಸಿದರೆ ಆ ಹೊತ್ತು ಕೈತಪ್ಪಿ ಹೋಗುತ್ತದೆ.

ಕಾಮಾಲೆ ಒಂದೇ ಕಾಯಿಲೆಯಲ್ಲ

ಹೆಪಟೈಟಿಸ್ ವೈರಸ್ಸುಗಳು ಐದು: ಎ, ಬಿ, ಸಿ, ಡಿ, ಇ. ಎ ಮತ್ತು ಇ ಬರುವುದು ಕೊಳಕು ನೀರು ಮತ್ತು ಆಹಾರದಿಂದ. ಬಿ ಮತ್ತು ಸಿ ಬರುವುದು ರಕ್ತದಿಂದ, ಮರುಬಳಸಿದ ಸೂಜಿಯಿಂದ. ಬಿ ಲೈಂಗಿಕ ಸಂಪರ್ಕದಿಂದ ಮತ್ತು ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೂ ದಾಟುತ್ತದೆ. ಡಿ ಒಂಟಿಯಾಗಿ ಬರಲಾರದು, ಬಿ ಇದ್ದವರಿಗೆ ಮಾತ್ರ ಅಂಟುತ್ತದೆ.

ಎ ಮತ್ತು ಇ ಬಂದ ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತಾರೆ. ಆದರೆ ಅದು ಎಲ್ಲರ ಪಾಲಿಗೂ ಹಗುರವಾಗಿರುವುದಿಲ್ಲ. ಆರು ವರ್ಷದೊಳಗಿನ ಮಕ್ಕಳಲ್ಲಿ ಹೆಪಟೈಟಿಸ್ ಎ ಬಹುಪಾಲು ಗೊತ್ತೇ ಆಗದೆ ಬಂದುಹೋಗುತ್ತದೆ. ಅದೇ ದೊಡ್ಡವರಾದ ಮೇಲೆ ಬಂದರೆ ಜೋರಾಗಿ ಕಾಡುತ್ತದೆ. ಶೌಚಾಲಯ, ನಲ್ಲಿ ನೀರು ಸುಧಾರಿಸಿದ ಊರುಗಳಲ್ಲಿ ಬಾಲ್ಯದಲ್ಲಿ ಈ ಸೋಂಕು ತಗುಲದೆ ಬೆಳೆದ ತರುಣರೇ ಈಗ ಹೆಚ್ಚು ಬಲಿಯಾಗುತ್ತಿರುವುದು. 2024ರಲ್ಲಿ ನೆರೆಯ ಕೇರಳದ ಎರ್ನಾಕುಲಂ ಜಿಲ್ಲೆಯ ವೆಂಗೂರು ಪಂಚಾಯ್ತಿಯಲ್ಲಿ ಕುಡಿಯುವ ನೀರಿನಿಂದ ಇದು ಹರಡಿ ಇನ್ನೂರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಹೆಪಟೈಟಿಸ್ ಇ ಗರ್ಭಿಣಿಯರ ಮಟ್ಟಿಗೆ ಬೇರೆಯೇ ಕಾಯಿಲೆ. ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರಕ್ಕೆ ಇಪ್ಪತ್ತು, ಇಪ್ಪತ್ತೈದು ಮಂದಿಯವರೆಗೆ ಸಾವಿಗೀಡಾಗಬಹುದು.

ನೀರಿನ ವಿಷಯದಲ್ಲಿ ದೆಹಲಿ 1955ರಲ್ಲಿ ಕಲಿತ ಪಾಠವನ್ನು ನಾವಿನ್ನೂ ಪೂರ್ತಿ ಕಲಿತಿಲ್ಲ. ಆ ವರ್ಷದ ನೆರೆಯ ನಂತರ ನಜಫ್‌ಗಢ ನಾಲೆಯ ಕೊಳಚೆ, ಯಮುನೆಯಿಂದ ಕುಡಿಯುವ ನೀರೆತ್ತುವ ಜಾಗಕ್ಕೇ ನುಗ್ಗಿತು. ಅಧಿಕಾರಿಗಳು ಕ್ಲೋರಿನ್ ಹೆಚ್ಚಿಸಿದರು. ಟೈಫಾಯ್ಡ್, ಆಮಶಂಕೆ ಹೆಚ್ಚಲಿಲ್ಲ, ಕ್ಲೋರಿನ್ ಬ್ಯಾಕ್ಟೀರಿಯಾವನ್ನು ತಡೆಯಿತು. ವೈರಸ್ ಮಾತ್ರ ದಾಟಿಬಂತು. 1955ರ ಡಿಸೆಂಬರಿನಿಂದ 1956ರ ಜನವರಿಯೊಳಗೆ ಸುಮಾರು 29,000 ಮಂದಿಗೆ ಕಾಮಾಲೆಯಾಯಿತು. ಅದು ಹೆಪಟೈಟಿಸ್ ಇ ಎಂದು ಗೊತ್ತಾದದ್ದು ದಶಕಗಳ ನಂತರ, ಕಾಪಿಟ್ಟ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ. ಆಗ ಅದನ್ನು ಗುರುತಿಸುವ ಪರೀಕ್ಷೆಯೇ ಇರಲಿಲ್ಲ. ಈಗ ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲಿ ರಕ್ತ ಕೊಟ್ಟರೂ ಒಂದೆರಡು ದಿನದಲ್ಲಿ ಉತ್ತರ ಸಿಗುತ್ತದೆ.

ವರದಿಯೊಂದನ್ನು ಓದೋಣ

ಲ್ಯಾಬಿನವರು ಕೊಡುವ ಲಿವರ್ ಪರೀಕ್ಷೆಯ, ಅಂದರೆ ಎಲ್‌ಎಫ್‌ಟಿ ವರದಿಯನ್ನು ನಾವು ನೋಡುವ ರೀತಿ ಒಂದೇ: ಎಷ್ಟಿದೆ ಕಾಮಾಲೆ? ಬಿಲಿರುಬಿನ್ ಸಂಖ್ಯೆ ನೋಡಿ ಹಾಳೆ ಮಡಚಿಬಿಡುತ್ತೇವೆ. ಆ ಹಾಳೆಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಬಹಳ ಇದೆ.

ಉದಾಹರಣೆಗೆ ಒಂದು ವರದಿ ಹೀಗಿದೆ ಅಂದುಕೊಳ್ಳಿ. ಒಟ್ಟು ಬಿಲಿರುಬಿನ್ 7.2, ಅದರಲ್ಲಿ ಡೈರೆಕ್ಟ್ 5.1. ಎಸ್‌ಜಿಪಿಟಿ 1,480. ಎಸ್‌ಜಿಒಟಿ 1,100. ಆಲ್ಕಲೈನ್ ಫಾಸ್ಫಟೇಸ್ ಮಿತಿಗಿಂತ ತುಸು ಹೆಚ್ಚು. ಆಲ್ಬುಮಿನ್ 4.

ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಲಿವರ್‌ನ ಕೋಶಗಳ ಒಳಗೆ ಇರಬೇಕಾದ ಕಿಣ್ವಗಳು. ಮಡಕೆ ಸೀಳಿದರೆ ನೀರು ಹೊರಗೆ ಸೋರುವಂತೆ, ಕೋಶ ಪೆಟ್ಟು ತಿಂದಾಗ ಅವು ರಕ್ತಕ್ಕೆ ಸೋರುತ್ತವೆ. ಸಾಮಾನ್ಯ ಮಿತಿ ಸುಮಾರು 40. ಸಾವಿರ ದಾಟಿದೆಯೆಂದರೆ ಕೋಶಗಳ ಮೇಲೆ ಇದ್ದಕ್ಕಿದ್ದಂತೆ ದಾಳಿಯಾಗಿದೆ: ವೈರಸ್ ಇರಬಹುದು, ಯಾವುದೋ ಔಷಧಿಯ ವಿಷವೂ ಇರಬಹುದು. ಮದ್ಯದಿಂದ ಬಂದ ಹೆಪಟೈಟಿಸ್‌ನಲ್ಲಿ ಚಿತ್ರ ಬೇರೆ: ಅಲ್ಲಿ ಸಂಖ್ಯೆಗಳು ಸಾಮಾನ್ಯವಾಗಿ ಕೆಲವು ನೂರನ್ನು ದಾಟುವುದಿಲ್ಲ, ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟಿನಷ್ಟಿರುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಹಲವು ಪಟ್ಟು ಏರಿ, ಮೈ ತುರಿಕೆಯಿದ್ದು, ಮಲ ಸುಣ್ಣದ ಬಣ್ಣಕ್ಕೆ ತಿರುಗಿದ್ದರೆ ಪಿತ್ತನಾಳ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಅದಕ್ಕೆ ಹೊಟ್ಟೆಯ ಸ್ಕ್ಯಾನಿಂಗ್ ಬೇಕು. ವಯಸ್ಸಾದವರಿಗೆ ನೋವಿಲ್ಲದ ಕಾಮಾಲೆ ಬಂದು ತೂಕ ಇಳಿಯುತ್ತಿದ್ದರೆ ಸ್ಕ್ಯಾನಿಂಗನ್ನು ಒಂದು ದಿನವೂ ಮುಂದೂಡಬೇಡಿ. ಇನ್‌ಡೈರೆಕ್ಟ್ ಬಿಲಿರುಬಿನ್ ಮಾತ್ರ ಸ್ವಲ್ಪ ಹೆಚ್ಚಿದ್ದು ಉಳಿದದ್ದೆಲ್ಲ ಸರಿಯಿದ್ದರೆ ಅದು ಹೆಪಟೈಟಿಸ್ ಅಲ್ಲವೇ ಅಲ್ಲ. ಅದರ ಕಾರಣವನ್ನು ವೈದ್ಯರು ಬೇರೆಡೆ ಹುಡುಕುತ್ತಾರೆ.

ಇನ್ನೊಂದು ಸಂಖ್ಯೆಯನ್ನು ಕೇಳಿ ಮಾಡಿಸಿಕೊಳ್ಳಬೇಕು, ಏಕೆಂದರೆ ಅದು ಹೆಚ್ಚಿನ ಎಲ್‌ಎಫ್‌ಟಿ ಪಟ್ಟಿಯಲ್ಲಿ ಇರುವುದಿಲ್ಲ: ಪಿಟಿ-ಐಎನ್‌ಆರ್. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ತಯಾರಿಸುವುದು ಲಿವರ್. ಅದು ಸೋಲುತ್ತಿದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ತಿಳಿಸುವುದು ಈ ಪರೀಕ್ಷೆ. ಸಾಮಾನ್ಯವಾಗಿ 1ರ ಆಸುಪಾಸಿನಲ್ಲಿರುವ ಐಎನ್‌ಆರ್ 1.5 ಮುಟ್ಟಿದರೆ ರೋಗಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಎಸ್‌ಜಿಪಿಟಿ 2,000ದಿಂದ 300ಕ್ಕೆ ಇಳಿಯಿತು ಎಂದು ಮನೆಯವರು ಸಮಾಧಾನಪಡುತ್ತಾರೆ. ಅದೇ ಹೊತ್ತಿಗೆ ಬಿಲಿರುಬಿನ್ನೂ ಐಎನ್‌ಆರ್ ಕೂಡ ಏರುತ್ತಿದ್ದರೆ ಅದು ಸುಧಾರಣೆಯಲ್ಲ. ಮಡಕೆಯೇ ಬರಿದಾದ ಮೇಲೆ ಸೋರುವುದಕ್ಕೆ ಏನು ಉಳಿದಿರುತ್ತದೆ?

ಎಲ್‌ಎಫ್‌ಟಿ ಲಿವರ್‌ಗೆ ಪೆಟ್ಟಾಗಿದೆ ಎಂದು ಹೇಳುತ್ತದೆ. ಪೆಟ್ಟು ಕೊಟ್ಟವರು ಯಾರು ಎಂದು ಹೇಳುವುದು ಇನ್ನೊಂದು ಸಾಲಿನ ಪರೀಕ್ಷೆಗಳು. ಹೊಸದಾಗಿ ಕಾಮಾಲೆ ಬಂದವರಿಗೆ ನಾಲ್ಕನ್ನು ಕೇಳಿ: ಹೆಪಟೈಟಿಸ್ ಎ ಐಜಿಎಂ, ಹೆಪಟೈಟಿಸ್ ಇ ಐಜಿಎಂ, ಎಚ್‌ಬಿಎಸ್‌ಎಜಿ, ಆ್ಯಂಟಿ-ಎಚ್‌ಸಿವಿ. ಮೊದಲ ಎರಡು, ಸೋಂಕು ಈಗಿನದೇ ಎಂದು ತಿಳಿಸುತ್ತವೆ. ಉಳಿದೆರಡರ ಬಗ್ಗೆ ಕೊಂಚ ವಿವರವಾಗಿ ಹೇಳಬೇಕು.

ಹಳದಿಯಾಗದವರ ಮಾತು

ಎಚ್‌ಬಿಎಸ್‌ಎಜಿ ಎಂದರೆ ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ತುಣುಕು. ವಿಜ್ಞಾನಿ ಬರೂಕ್ ಬ್ಲಂಬರ್ಗ್ ಇದನ್ನು ಮೊದಲು ಗುರುತಿಸಿದ್ದು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ. ಕೆಲವು ಲ್ಯಾಬುಗಳ ದರಪಟ್ಟಿಯಲ್ಲಿ ಇದು ಈಗಲೂ ‘ಆಸ್ಟ್ರೇಲಿಯಾ ಆ್ಯಂಟಿಜನ್’ ಎಂದೇ ಇದೆ. ಬ್ಲಂಬರ್ಗ್‌ಗೆ 1976ರಲ್ಲಿ ನೊಬೆಲ್ ಬಂತು. ಅವರು ಹುಟ್ಟಿದ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ.

ಈ ಪರೀಕ್ಷೆ ಪಾಸಿಟಿವ್ ಬಂದರೆ ವೈರಸ್ ದೇಹದಲ್ಲಿದೆ ಎಂದರ್ಥ. ಹೊಸದೋ ಹಳೆಯದೋ ಎಂದು ತಿಳಿಯಲು ಆ್ಯಂಟಿ-ಎಚ್‌ಬಿಸಿ ಐಜಿಎಂ, ಎಷ್ಟು ಚುರುಕಾಗಿದೆ ಎಂದು ತಿಳಿಯಲು ಎಚ್‌ಬಿಇಎಜಿ ಮತ್ತು ಎಚ್‌ಬಿವಿ ಡಿಎನ್‌ಎ ಪರೀಕ್ಷೆಗಳಿವೆ. ಆರು ತಿಂಗಳು ಕಳೆದರೂ ಎಚ್‌ಬಿಎಸ್‌ಎಜಿ ಹೋಗದಿದ್ದರೆ ಅದು ದೀರ್ಘಕಾಲದ ಸೋಂಕು. ದೊಡ್ಡವರಾದ ಮೇಲೆ ಸೋಂಕು ತಗುಲಿದವರಲ್ಲಿ ನೂರಕ್ಕೆ ತೊಂಬತ್ತೈದು ಮಂದಿ ವೈರಸ್ಸನ್ನು ತಾವಾಗಿ ಹೊರಹಾಕುತ್ತಾರೆ. ಹುಟ್ಟುವಾಗಲೇ ತಾಯಿಯಿಂದ ಪಡೆದ ಮಕ್ಕಳಲ್ಲಿ ಲೆಕ್ಕ ತಿರುಗಾಮುರುಗಾ: ತೊಂಬತ್ತು ಮಂದಿಯಲ್ಲಿ ಅದು ಉಳಿದುಬಿಡುತ್ತದೆ. ಆ ಮಗು ಆರೋಗ್ಯವಾಗಿಯೇ ಬೆಳೆದು, ಓದಿ, ಮದುವೆಯಾಗಿ, ನಲವತ್ತರ ಆಚೆಗೆ ಒಂದು ದಿನ ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆಗೆ ಬರುತ್ತದೆ. ಆಗ ಸಿಗುವ ಹೆಸರು ಸಿರೋಸಿಸ್ ಅಥವಾ ಲಿವರ್ ಕ್ಯಾನ್ಸರ್. ‘ನಾನು ಒಂದು ಹನಿ ಕುಡಿದವನಲ್ಲ, ನನಗೇಕೆ?’ ಎಂಬ ಪ್ರಶ್ನೆಗೆ ಉತ್ತರ ಬಹಳ ಸಲ ಇದೇ.

ಇಲ್ಲಿ ಆಗುವ ಗೊಂದಲವೊಂದನ್ನು ಬಿಡಿಸುತ್ತೇನೆ. ಎಚ್‌ಬಿಎಸ್‌ಎಜಿ ಪಾಸಿಟಿವ್ ಎಂದರೆ ಸೋಂಕು. ಆ್ಯಂಟಿ-ಎಚ್‌ಬಿಎಸ್ ಪಾಸಿಟಿವ್ ಎಂದರೆ ಲಸಿಕೆಯಿಂದಲೋ ಹಳೆಯ ಸೋಂಕು ಗುಣವಾದ್ದರಿಂದಲೋ ಬಂದ ರಕ್ಷಣೆ. ಒಂದು ಕೆಟ್ಟ ಸುದ್ದಿ, ಇನ್ನೊಂದು ಒಳ್ಳೆಯ ಸುದ್ದಿ. ಪಾಸಿಟಿವ್ ಎಂಬ ಪದ ಕಂಡೊಡನೆ ಎದೆಗುಂದುವ ಮೊದಲು ಯಾವ ಸಾಲಿನ ಎದುರು ಬರೆದಿದೆ ನೋಡಿ.

ಆ್ಯಂಟಿ-ಎಚ್‌ಸಿವಿಯ ಕಥೆಯೂ ಹಾಗೆಯೇ. ಅದು ಪಾಸಿಟಿವ್ ಬಂದರೆ ಹೆಪಟೈಟಿಸ್ ಸಿ ಎಂದೋ ದೇಹ ಹೊಕ್ಕಿತ್ತು ಎಂದಷ್ಟೇ ಅರ್ಥ. ಈಗಲೂ ಇದೆಯೇ ಎಂದು ಹೇಳುವುದು ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ. ಮೊದಲನೆಯದರಲ್ಲೇ ನಿಂತು ಎಷ್ಟೋ ಮಂದಿ ವರ್ಷಗಟ್ಟಲೆ ಭಯದಲ್ಲಿ ಬದುಕುತ್ತಾರೆ ಅಥವಾ ಔಷಧಿ ಸಿಗದೆ ಉಳಿಯುತ್ತಾರೆ. ಆರ್‌ಎನ್‌ಎ ಇದ್ದರೂ ಹೆದರುವ ಕಾಲ ಹೋಯಿತು. ಸಾಮಾನ್ಯವಾಗಿ ಹನ್ನೆರಡು ವಾರ ಮಾತ್ರೆ ನುಂಗಿದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿಯಲ್ಲಿ ವೈರಸ್ ಪೂರ್ತಿ ಹೋಗುತ್ತದೆ. ಹೆಪಟೈಟಿಸ್ ಬಿಗೆ ಪೂರ್ತಿ ಕಿತ್ತೊಗೆಯುವ ಔಷಧಿ ಇಲ್ಲ, ಆದರೆ ಹತೋಟಿಯಲ್ಲಿಡುವ ದಿನಕ್ಕೊಂದು ಮಾತ್ರೆಯಿದೆ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ನಿಯಮಿತ ತಪಾಸಣೆ ಮಾತ್ರ ಎಲ್ಲರಿಗೂ ಬೇಕು.

ಕೇಂದ್ರ ಸರ್ಕಾರದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಂದು ಶುರುವಾಯಿತು. ಅದರಡಿ ಬಿ ಮತ್ತು ಸಿಯ ಪರೀಕ್ಷೆಯೂ ಔಷಧಿಯೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲೋ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲೋ ವಿಚಾರಿಸಿ. ಎಲ್ಲಿ ಹೋಗಬೇಕೆಂದು ತಿಳಿಯದಿದ್ದರೆ 104ಕ್ಕೆ ಕರೆ ಮಾಡಿ, ಆರೋಗ್ಯವಾಣಿಯವರನ್ನು ಕೇಳಿ.

ನಾಟಿ ಔಷಧಿಯ ಬಗ್ಗೆ

ಕಾಮಾಲೆಗೆ ನಾಟಿ ಔಷಧಿ ಕೊಡುವವರು ಇಲ್ಲದ ಸೀಮೆ ನಮ್ಮಲ್ಲಿಲ್ಲ. ಭಾನುವಾರ ಬೆಳಗಿನ ಜಾವಕ್ಕೇ ಸಾಲು ನಿಂತಿರುತ್ತದೆ. ಹಾಲಿನಲ್ಲಿ ಅರೆದ ಸೊಪ್ಪು, ಕೊರಳಿಗೆ ಬೇರಿನ ಸರ, ಮೂಗಿಗೆ ಹನಿ, ಕೆಲವೆಡೆ ಮುಂಗೈಗೆ ಬರೆ. ‘ನಮ್ಮ ಮಾವನಿಗೆ ಮೂರೇ ದಿನದಲ್ಲಿ ವಾಸಿಯಾಯ್ತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಮಾವನಿಗೆ ಬಂದದ್ದು ಹೆಪಟೈಟಿಸ್ ಎ ಆಗಿದ್ದರೆ ಔಷಧಿ ಇಲ್ಲದೆಯೂ ವಾಸಿಯಾಗುತ್ತಿತ್ತು. ಅದೇ ಔಷಧಿಯನ್ನು ಹೆಪಟೈಟಿಸ್ ಬಿ ಇರುವ ಅತ್ತಿಗೆಗೆ, ಪಿತ್ತನಾಳದಲ್ಲಿ ಕಲ್ಲಿರುವ ಚಿಕ್ಕಪ್ಪನಿಗೆ, ಇಲಿಜ್ವರ ಬಂದ ಆಳುಮಗನಿಗೆ ಕೊಟ್ಟಾಗ ಕಾಯಿಲೆ ಒಳಗೇ ಬೆಳೆಯುತ್ತದೆ. ಏನು ಬೆರೆಸಿದ್ದಾರೆಂದು ಗೊತ್ತಿಲ್ಲದ ಔಷಧಿ, ಮೊದಲೇ ಸೋತ ಲಿವರ್‌ಗೆ ಇನ್ನೊಂದು ಪೆಟ್ಟು ಕೊಡುವ ಅಪಾಯವೂ ಇದೆ.

ನಂಬಿಕೆಯ ಮೇಲೆ ಜಗಳವಾಡಲು ಈ ಮನವಿಯಲ್ಲ. ಹೋಗುವುದಕ್ಕೆ ಮುಂಚೆ ರಕ್ತ ಕೊಟ್ಟು ಹೋಗಿ, ವರದಿ ವೈದ್ಯರಿಗೆ ತೋರಿಸಿ. ಅಷ್ಟಾದರೂ ಮಾಡಿ. ಪಥ್ಯದ ಹೆಸರಲ್ಲಿ ಬರೀ ಗಂಜಿ ಕೊಟ್ಟು ರೋಗಿಯನ್ನು ಒಣಗಿಸಬೇಡಿ. ಸೇರಿದಷ್ಟು ಮನೆಯೂಟವನ್ನು ಸ್ವಲ್ಪಸ್ವಲ್ಪವಾಗಿ ಕೊಡಿ. ಮದ್ಯ ಪೂರ್ತಿ ನಿಲ್ಲಬೇಕು. ಜ್ವರಕ್ಕೆಂದು ಅಂಗಡಿಯಿಂದ ತಂದ ಪ್ಯಾರಾಸಿಟಮಾಲ್ ಕೂಡ ವೈದ್ಯರು ಹೇಳಿದ ಅಳತೆ ಮೀರಬಾರದು.

ಈ ಕೆಳಗಿನದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ, ಬೇಕಾದರೆ 108ಕ್ಕೆ ಫೋನ್ ಮಾಡಿ:

- ಮಾತು ತೊದಲುವುದು, ಸಂಬಂಧವಿಲ್ಲದ ಮಾತು, ಹಗಲೆಲ್ಲ ನಿದ್ದೆ ರಾತ್ರಿಯೆಲ್ಲ ಎಚ್ಚರ, ವಿಪರೀತ ಮಂಪರು
- ಒಸಡು, ಮೂಗಿನಿಂದ ರಕ್ತ, ರಕ್ತವಾಂತಿ, ಟಾರಿನಂಥ ಕಪ್ಪು ಮಲ
- ನೀರೂ ನಿಲ್ಲದಷ್ಟು ವಾಂತಿ
- ಹೊಟ್ಟೆ ಊದಿಕೊಳ್ಳುವುದು, ಕಾಲು ಬಾವು
- ಗರ್ಭಿಣಿಗೆ ಕಾಮಾಲೆ, ಯಾವ ತಿಂಗಳಾದರೂ ಸರಿ

ಯಾರಿಂದ ಏನಾಗಬೇಕು

ಬಸುರಿ ಹೆಂಗಸರ ಮನೆಯವರಲ್ಲಿ: ತಾಯಿ ಕಾರ್ಡಿನಲ್ಲಿ ಎಚ್‌ಬಿಎಸ್‌ಎಜಿ ಫಲಿತಾಂಶ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಕೇಳಿ. ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಬೀಳಲೇಬೇಕು. ತಾಯಿ ಪಾಸಿಟಿವ್ ಆಗಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದೂ ಬೇಕು. ಇಷ್ಟಾದರೆ ಎದೆಹಾಲು ಬಿಡಿಸಬೇಕಾಗಿಲ್ಲ. ಆಮೇಲೆ 6, 10, 14ನೇ ವಾರದ ಚುಚ್ಚುಮದ್ದುಗಳನ್ನು ತಪ್ಪಿಸಬೇಡಿ.

ದೊಡ್ಡವರಲ್ಲಿ: ಈ ಲಸಿಕೆ ದೇಶದಾದ್ಯಂತ ಸರ್ಕಾರಿ ಲಸಿಕಾ ಪಟ್ಟಿಗೆ ಬಂದದ್ದು 2011ರ ಹೊತ್ತಿಗೆ. ಅದಕ್ಕಿಂತ ಮೊದಲು ಹುಟ್ಟಿದ ಬಹಳ ಮಂದಿಗೆ ರಕ್ಷಣೆಯಿಲ್ಲ. ಪರೀಕ್ಷೆ ನೆಗೆಟಿವ್ ಬಂದರೆ ಸೊನ್ನೆ, ಒಂದು, ಆರನೇ ತಿಂಗಳ ಮೂರು ಡೋಸ್ ಹಾಕಿಸಿಕೊಳ್ಳಿ. ಎರಡು ಸಾವಿರದ ಇಸವಿಯ ಆಸುಪಾಸಿಗೂ ಮುಂಚೆ ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು, ಬೀದಿಯಲ್ಲಿ ಹಚ್ಚೆ ಹಾಕಿಸಿಕೊಂಡವರು, ಮನೆಯಲ್ಲಿ ಯಾರಿಗಾದರೂ ಸಿರೋಸಿಸ್ ಅಥವಾ ಹೆಪಟೈಟಿಸ್ ಬಿ ಇದ್ದವರು ಮೊದಲು ಹೋಗಿ.

ಚುಚ್ಚುಮದ್ದು ಹಾಕುವವರಲ್ಲಿ ಮತ್ತು ಹಾಕಿಸಿಕೊಳ್ಳುವವರಲ್ಲಿ: 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಸಾಂಕ್ರಾಮಿಕವಾಗಿ ಹರಡಿ ಹತ್ತಾರು ಜೀವ ಹೋದದ್ದು, ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ. ಪೊಟ್ಟಣ ನಿಮ್ಮ ಎದುರೇ ಒಡೆಯಲಿ. ಕ್ಷೌರದಂಗಡಿಯಲ್ಲಿ, ಹರಕೆಯ ಮುಡಿ ಕೊಡುವಲ್ಲಿ ಹೊಸ ಬ್ಲೇಡು ಕೇಳಲು ಸಂಕೋಚ ಬೇಡ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಏಳು ದಿನವಾದರೂ ಬದುಕಿರಬಲ್ಲದು.

ಪಂಚಾಯ್ತಿ ಸದಸ್ಯರಲ್ಲಿ, ಮದುವೆ ಮಾಡುವ ಮನೆಯವರಲ್ಲಿ: ಒಂದೇ ಬೀದಿಯಲ್ಲಿ ಎರಡು ಮೂರು ಕಾಮಾಲೆ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿ, ಚರಂಡಿಯ ಪಕ್ಕದಲ್ಲಿ ಹಾದುಹೋದ ನೀರಿನ ಪೈಪನ್ನು ಮೊದಲು ಪರಿಶೀಲಿಸಿ. ಕುದಿಸಿದ ನೀರಿಗೆ ತಣ್ಣಗಾಗಲೆಂದು ಕೊಳಾಯಿ ನೀರು ಬೆರೆಸಿದರೆ ಕುದಿಸಿದ್ದು ವ್ಯರ್ಥ. ಪಾನಕಕ್ಕೆ ಹಾಕುವ ಐಸೂ ನೀರೇ ಎಂಬುದು ನೆನಪಿರಲಿ.

ಎಲ್ಲರಲ್ಲಿ: ಹೆಪಟೈಟಿಸ್ ಬಿ, ಸಿ ಇದ್ದವರ ಜೊತೆ ಕೂತು ಉಣ್ಣುವುದರಿಂದ, ಕೈ ಕುಲುಕುವುದರಿಂದ, ಅವರು ಎತ್ತಿದ ಮಗುವನ್ನು ಎತ್ತಿಕೊಳ್ಳುವುದರಿಂದ ಕಾಯಿಲೆ ಬರುವುದಿಲ್ಲ. ತಟ್ಟೆ ಬೇರೆ ಇಡಬೇಡಿ, ಕೆಲಸದಿಂದ ತೆಗೆಯಬೇಡಿ, ಸಂಬಂಧ ಮುರಿಯಬೇಡಿ. ಗಂಡಹೆಂಡಿರಲ್ಲಿ ಒಬ್ಬರಿಗೆ ಬಿ ಇದ್ದರೆ ಇನ್ನೊಬ್ಬರು ಪರೀಕ್ಷೆ ಮಾಡಿಸಿ ಲಸಿಕೆ ಪಡೆಯಬಹುದು. ರೇಜರು, ಟೂತ್‌ಬ್ರಶ್ ಮಾತ್ರ ಹಂಚಿಕೊಳ್ಳಬಾರದು. ಪಾಸಿಟಿವ್ ಬಂದವರನ್ನು ನಾವು ದೂರವಿಟ್ಟಷ್ಟೂ ಉಳಿದವರು ಪರೀಕ್ಷೆಗೆ ಹೋಗಲು ಹೆದರುತ್ತಾರೆ.

ಮುಂದಿನ ಸಲ ಸಕ್ಕರೆ ಕಾಯಿಲೆಗೋ ಥೈರಾಯ್ಡ್‌ಗೋ ರಕ್ತ ಕೊಡಲು ಹೋದಾಗ ಚೀಟಿಯಲ್ಲಿ ಎರಡು ಹೆಸರು ಸೇರಿಸಲು ವೈದ್ಯರಿಗೆ ಹೇಳಿ: ಎಚ್‌ಬಿಎಸ್‌ಎಜಿ, ಆ್ಯಂಟಿ-ಎಚ್‌ಸಿವಿ. ವರದಿ ಬಂದ ಮೇಲೆ ಅದರ ಒಂದು ಪ್ರತಿಯನ್ನು ಮನೆಯ ಕಾಗದಪತ್ರಗಳ ಜೊತೆ ಇಡಿ, ಆಮೇಲೆ ಮನೆಯ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ.